ಕಟ್ಟಿನ ಹೆಸರು

ಗ್ದಿನ್ಯದ ಟ್ರಾಲಿಬಸ್ ಡಿಪೋದಲ್ಲಿ
ರಾತ್ರಿಪಾಳಿಯ ಕ್ಯಾಂಟೀನು ಹನ್ನೆರಡಕ್ಕೆ ತೆರೆಯುತ್ತದೆ.
ಒದ್ದೆ ಕೋಟು ಗೂಟಕ್ಕೆ, ಕೈಗವಸು ಹೀಟರಿನ ಮೇಲೆ,
ಒಂದು ಕೈಲಿ ಚಮಚ, ಒಂದು ಕೈಲಿ ಫೋನು,
ಫೋನಿನೊಳಗೆ ಮೂವತ್ತೆಲೆಯ ಒಂದೊಂದು ಕಟ್ಟು.

ಕಲೆಸುವ ಸರಸರವಿಲ್ಲ,
ಮೇಜಿಗೆ ಬಡಿದು ಎಸೆಯುವ ಎಲೆಯಿಲ್ಲ.
ಆದರೂ ಜಗಳಕ್ಕೆ ಬರವಿಲ್ಲ.
ಜಗಳವೆಲ್ಲ ಹೆಸರಿಗೆ.

ಝೆಮೊವಿತ್ ಮೆಕ್ಯಾನಿಕ್ಕು. ಅವನ ಪ್ರಕಾರ
ಕಟ್ಟಿಗೆ ಅದರ ಚಾಳಿಯ ಹೆಸರೇ ಸರಿ:
ಮೊದಲ ಸುತ್ತಿಗೇ ಮುಖಕ್ಕೆ ಎರಗಿದರೆ ಕಣಜದ ಹುಳು,
ಗೋಡೆ ಎಬ್ಬಿಸಿಕೊಂಡು ಕೂತರೆ ಆಮೆ,
ಇವತ್ತು ಎರಡು ಹಿಡಿ ಎತ್ತಿ
ನಾಳೆ ರಕ್ತದಲ್ಲಿ ತೀರಿಸಿದರೆ ಸಾಲಗಾರ.
ಕಿಂಗಾ ಒಪ್ಪಳು. ಚಾಳಿಯೇನು, ಬಿಟ್ಟುಹೋಗುತ್ತದೆ;
ಕೊನೆಗೆ ಕೊಂದ ಎಲೆ ಯಾವುದೋ ಅದನ್ನು ಕರೆಯಿರಿ:
ಗಾಜಿನ ಜಿಂಕೆ. ಮೂಕ ಬಿಷಪ್. ಉಪ್ಪಿನ ತಾಯಿ.
ನಾನು ಟಿಕೆಟ್ ತಪಾಸಣೆಯವನು, ಸೋತವರ ಪಕ್ಷ.
ಎಂಟು ಸುತ್ತು ಏನೂ ಬಾರದೆ
ಒಂಬತ್ತಕ್ಕೆ ಒಂದರ ಬೆನ್ನಿಗೆ ಮೂರು ಬಂದು
ಮೈಮೇಲೆ ಹಾಯುವ ಕಟ್ಟಿಗೆ
'ಇಪ್ಪತ್ತೇಳು' ಎಂದೆ.
ಆ ನಂಬರಿನ ಬಸ್ಸಿಗೆ ಕಾದವರೆಲ್ಲ ನಕ್ಕರು.
ಊರಾಚೆ ಯಾರೂ ನಗಲಿಲ್ಲ. ಹೆಸರು ಅಲ್ಲೇ ಸತ್ತಿತು.

ಬೋಗ್ನ ಆಟಕ್ಕೆ ಬಂದದ್ದು ಐವತ್ತಮೂರರಲ್ಲಿ,
ಮಂಡಿ ಆಪರೇಷನ್ನಿನ ರಜೆಯಲ್ಲಿ, ಬೇಸರಕ್ಕೆ.
ಕಾಸು ಕೊಟ್ಟು ಎಲೆ ಕೊಳ್ಳಲೊಲ್ಲಳು.
ಪುಕ್ಕಟೆ ಸಿಕ್ಕಿದ್ದು, ಬೇರೆಯವರು ಪುಡಿಮಾಡಿ ಬಿಸಾಡುವಂಥದ್ದು,
ಒಂದಕ್ಕೊಂದು ನಂಟಸ್ತಿಕೆಯಿಲ್ಲದ ಮೂವತ್ತು ಕೂಡಿಸಿ
ಕಟ್ಟು ಕಟ್ಟಿದಳು.
ಎಲ್ಲರೂ ಹೆಸರಿಟ್ಟರು, ಎರಡೂ ಅರ್ಥದಲ್ಲಿ:
ಚಿಂದಿ, ಗುಜರಿ, ಅತ್ತೆಯ ಅಟ್ಟ.
ನೀವೇನಂತೀರಿ ಇದನ್ನು, ಎಂದ ಝೆಮೊವಿತ್.
ಅವಳ ಮುಂದೆ ಝುರೆಕ್ ಹಬೆಯಾಡುತ್ತಿತ್ತು,
ರೈ ಹಿಟ್ಟನ್ನು ಐದು ದಿನ ಹುಳಿ ಬರಿಸಿ ಕುದಿಸಿದ ಸಾರು,
ಅರ್ಧ ಮೊಟ್ಟೆ, ಸಾಸೇಜಿನ ತುದಿ, ಮನೆಯಲ್ಲಿ ಮಿಕ್ಕಿದ್ದೆಲ್ಲ.
"ಝುರೆಕ್. ಹುಳಿ ಬರಲಿ, ಆಮೇಲೆ ಮಾತಾಡು."

ಎಂಟನೇ ಸುತ್ತಿಗೆ ಹುಳಿ ಬಂತು.
ಹುಳು ಮುಳುಗಿತು, ಆಮೆ ಬೆಂದಿತು,
ಉಪ್ಪಿನ ತಾಯಿಯಂತೂ ಇದ್ದಳೋ ಇಲ್ಲವೋ.
ಆ ಚಳಿಗಾಲ ಅವಳು ದೇಶದ ಮೊದಲ ಐವತ್ತರಲ್ಲಿ.
ಯಾರೋ ಎಲೆಗಳ ಪಟ್ಟಿ ಬರೆದುಕೊಂಡರು, ಹೆಸರು ಸಮೇತ.
ಹೆಸರಿಗೆ ಮಂಡಿನೋವಿಲ್ಲ, ಕಡಲು ದಾಟಿತು:
ಗೊಯಾನಿಯದಲ್ಲಿ ಝುರೆಕಿ, ಸೆಂಡಾಯಿಯಲ್ಲಿ ಜುರೆಕ್ಕು.
ಉಂಡವರು ಒಬ್ಬರೂ ಇಲ್ಲ.

ಆಮೇಲೆ ಕಂಪನಿ ಕತ್ತರಿ ತಂದಿತು.
ಐದರ ಎಲೆ ಮೂರಾಯಿತು, ಮೂರರದು ಗೈರು,
ಹೊಸ ಋತು, ಹೊಸ ಪೊಟ್ಟಣ, ಹಳತಕ್ಕೆ ಬಾಗಿಲು.
ಒಂದೊಂದಾಗಿ ಮೂವತ್ತೂ ಜಾರಿಹೋದವು.
ಅವಳ ಕಟ್ಟಿನ ಒಂದೇ ಒಂದು ಎಲೆಯಿಲ್ಲದ ಕಟ್ಟನ್ನು
ಜಗತ್ತೆಲ್ಲ ಇನ್ನೂ ಝುರೆಕ್ ಎನ್ನುತ್ತದೆ.
ರೈ ಇಲ್ಲ, ಮೊಟ್ಟೆಯಿಲ್ಲ,
ತಡವಾಗಿ ಬರುವ ಹುಳಿಯೊಂದು ಇದೆ, ಅಷ್ಟೆ.
ಮೊನ್ನೆ ಯಾರೋ ಅದರಲ್ಲೇ ಅವಳನ್ನು ಸೋಲಿಸಿದರು.
ಒಂಬತ್ತನೇ ಸುತ್ತು. "ರುಚಿ ಬಂದಿದೆ," ಎಂದಷ್ಟೇ ಅಂದಳು.

ನಿನ್ನೆ ಹೊಸ ಹುಡುಗ ಡೊಬ್ರೊಮಿಲ್,
ಕೆಲಸಕ್ಕೆ ಸೇರಿ ಒಂಬತ್ತು ದಿನ,
ಅವಳೆದುರೇ ಕೂತು ಪಾಠ ಹೇಳಿದ:
"ಆಂಟಿ, ನೀವು ಝುರೆಕ್ ಆಡಬೇಕು.
ಅದು ನಮ್ಮ ಸಾರಲ್ಲ, ಮತ್ತೆ. ಹೆಸರು ಒಂದೇ, ಅಷ್ಟೆ.
ಅವನೊಬ್ಬ ಜಪಾನಿನ ದಳಪತಿ,
ಶತ್ರುವನ್ನು ಒಳಗೆ ಬಿಟ್ಟುಕೊಂಡು ಆಮೇಲೆ
ಬಾಗಿಲು ಹಾಕುತ್ತಿದ್ದನಂತೆ."

ನಾನು ಬಾಯಿ ತೆರೆದೆ.
ಮೇಜಿನ ಕೆಳಗೆ ಆಪರೇಷನ್ನಾದ ಕಾಲು
ನನ್ನ ಬೂಟಿನ ಮೇಲೆ ಬಲವಾಗಿ ಊರಿತು.
"ಹೌದೇನಪ್ಪ," ಎಂದಳು ಬೋಗ್ನ,
"ಆಮೇಲೆ? ಆ ದಳಪತಿಗೆ ಏನಾಯಿತು?"
ಎನ್ನುತ್ತ ಬ್ರೆಡ್ಡಿನ ಅಂಚಿನಿಂದ
ಬಟ್ಟಲು ಬಳಿದಳು.